ಬೀಸೋ ಪದಕ್ಕೆ ಯಾವ ವಾದ್ಯ? ಹಾರ್ಮೋನಿಯಂ, ಪಿಟೀಲು, ಕೊಳಲು

ನಮ್ಮ ಅವ್ವ ಬೀಸುವ ಕಲ್ಲು ತಿರುಗಿಸುತ್ತಾ ಹಾಡುವ ಬೀಸೋ ಪದದ ಧಾಟಿಯನ್ನು ಈ ಮೂರರಲ್ಲೂ ನುಡಿಸಿ ನೋಡಿದ್ದೇನೆ. ಚಿಕ್ಕ ಧಾಟಿ, ನಾಲ್ಕೈದು ಸ್ವರದೊಳಗೇ ಸುತ್ತುತ್ತದೆ. ಮೂರು ಸಾಲಿನ ತ್ರಿಪದಿಯಾದ್ದರಿಂದ ಎರಡನೇ ಸಾಲನ್ನು ಇನ್ನೊಮ್ಮೆ ಹಿಡಿದು ಮೂರನೆಯದಕ್ಕೆ ಹೋಗುತ್ತಾಳೆ. ಇಷ್ಟೇ ಇರುವ ಧಾಟಿ ವಾದ್ಯ ಬದಲಾದಂತೆ ಬೇರೆಯೇ ಆಗಿಬಿಡುತ್ತದೆ.

ಹೆಚ್ಚು ಬದಲಾಗುವುದು ಹಾರ್ಮೋನಿಯಂನಲ್ಲಿ. ಅವ್ವ ರಿಷಭದಿಂದ ಜಾರಿಕೊಂಡು ಗಾಂಧಾರಕ್ಕೆ ಬರುತ್ತಾಳೆ. ಆ ಗಾಂಧಾರ ಕೆಳಗಿನ ಸಾಧಾರಣ ಗಾಂಧಾರಕ್ಕೂ ಮೇಲಿನ ಅಂತರ ಗಾಂಧಾರಕ್ಕೂ ನಡುವೆ ನಿಲ್ಲುತ್ತದೆ. ಪೆಟ್ಟಿಗೆಯಲ್ಲಿ, ಅಂದರೆ ಹಾರ್ಮೋನಿಯಂನಲ್ಲಿ, ಒಂದು ಸ್ಥಾಯಿಗೆ 12 ಮನೆ, ನಡುವೆ ಜಾಗವೇ ಇಲ್ಲ. ಕೆಳಗಿನ ಮನೆ ಒತ್ತಿದರೆ ಪದ ಅಳುತ್ತದೆ. ಮೇಲಿನದು ಒತ್ತಿದರೆ ಭಜನೆಯ ಹಾಗೆ ಕೇಳುತ್ತದೆ. ಜಾರು ಬರುವುದಿಲ್ಲ ಅನ್ನುವುದು ಹಾರ್ಮೋನಿಯಂ ಮೇಲಿನ ಹಳೆಯ ದೂರು. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಹಾಗಂತ ಅದನ್ನು ಹೊರಗಿನದು ಅನ್ನಲಾರೆ. ಉತ್ತರ ಕರ್ನಾಟಕದ ಬಯಲಾಟ ಶ್ರೀಕೃಷ್ಣ ಪಾರಿಜಾತದ ಮೇಳದಲ್ಲಿ ಪೆಟ್ಟಿಗೆ ಇರಬೇಕು, ಆ ಹಾಡುಗಳಿಗೆ ಅದು ಒಪ್ಪುತ್ತದೆ. ಬೀಸೋ ಪದಕ್ಕೆ ಒಪ್ಪುವುದಿಲ್ಲ ಅಷ್ಟೇ. ನನಗೆ ಸಂಕಟ ಆಗುವುದು ಇನ್ನೊಂದಕ್ಕೆ: ಪೆಟ್ಟಿಗೆ ಕೇಳಿ ಕಲಿತ ನಮ್ಮ ಮನೆಯ ಮಕ್ಕಳು ಈಗ ಬಾಯಲ್ಲಿ ಹಾಡುವಾಗಲೂ ಅಂತರ ಗಾಂಧಾರವನ್ನೇ ಹಿಡಿಯುತ್ತಾರೆ. ಅವರ ಮಟ್ಟಿಗೆ ಅಜ್ಜಿಯ ಧಾಟಿ ಅದೇ.

ಪಿಟೀಲಿಗೆ ಈ ತೊಂದರೆ ಇಲ್ಲ. ಬೆರಳು ಸರಿಸಿದರೆ ಆ ಗಾಂಧಾರ ಸಿಗುತ್ತದೆ. ಆದರೆ ಕರ್ನಾಟಕ ಸಂಗೀತ ಕಲಿತ ಕೈ ಸುಮ್ನೆ ಇರುವುದಿಲ್ಲ ಅಲ್ವಾ, ಎಲ್ಲ ಕಡೆ ಸ್ವರ ತೂಗಿಸುವ ಗಮಕ ಹಾಕುತ್ತದೆ. ಬೀಸೋ ಪದ ಕಚೇರಿಯ ಕೃತಿಯ ವೇಷ ಹಾಕಿಕೊಳ್ಳುತ್ತದೆ.

ನನ್ನ ಆಯ್ಕೆ ಕೊಳಲು. ತೂತನ್ನು ಅರ್ಧ ಮುಚ್ಚಿದರೆ ಜಾರೂ ಬರುತ್ತದೆ, ನಡುವಿನ ಗಾಂಧಾರವೂ ಬರುತ್ತದೆ. ಅದಕ್ಕಿಂತ ದೊಡ್ಡದು ಉಸಿರು. ಬೀಸುವವಳು ಸಾಲಿನ ಕೊನೆಗೆ ಉಸಿರು ಎಳೆದುಕೊಳ್ಳುತ್ತಾಳೆ, ಕಲ್ಲು ತಿರುಗುತ್ತಲೇ ಇರುತ್ತದೆ. ಊದುವವರೂ ಅಲ್ಲಿ ನಿಲ್ಲಲೇಬೇಕು. ಹಾರ್ಮೋನಿಯಂನ ತಿದಿಗಾಗಲಿ ಪಿಟೀಲಿನ ಕಮಾನಿಗಾಗಲಿ ಆ ಒತ್ತಾಯ ಇಲ್ಲ, ಸಾಲುಗಳು ಅಂಟಿಕೊಂಡು ಬಿಡುವು ಮಾಯವಾಗುತ್ತದೆ. ಕೊಳಲಿನ ಕೊರತೆ ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ. ಅಲ್ಲಿ ದನಿ ತೆಳು, ಅವ್ವನ ಎದೆಯ ದನಿ ಸಿಗುವುದಿಲ್ಲ. ಉದ್ದನೆಯ ದಪ್ಪ ಕೊಳಲು ಹಿಡಿದರೆ ಸ್ವಲ್ಪ ಹತ್ತಿರ ಬರುತ್ತದೆ.

ಮಕ್ಕಳಿಗೆ ಕಲಿಸಲು ಮನೆಯಲ್ಲಿ ಪೆಟ್ಟಿಗೆ ಮಾತ್ರ ಇದ್ದರೆ, ಷಡ್ಜ ಪಂಚಮ ಒತ್ತಿ ಶ್ರುತಿಗೆ ಇಟ್ಟುಕೊಳ್ಳಿ. ಧಾಟಿಯನ್ನು ಬಾಯಲ್ಲೇ ಹೇಳಿಕೊಡಿ.