ಮೈದನಹಳ್ಳಿಗೆ ಗೆಸ್ಟ್ ಕರೆದೊಯ್ಯುವವರು ಇದನ್ನು ಓದಿ

ಮಧುಗಿರಿ ಕಡೆಯಿಂದ ಮೈದನಹಳ್ಳಿಯ ಕೃಷ್ಣಮೃಗ ತೋರಿಸಲು ಗೆಸ್ಟ್‌ಗಳನ್ನು ಕರೆದುಕೊಂಡು ಹೋಗುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೋಡಲು ಬರುವವರೂ ಓದಿ. ಹೋದ ಜೂನ್‌ನಲ್ಲಿ ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಫೋನಿನಲ್ಲೇ ನನಗೆ ಗೊತ್ತಾಗಬೇಕಿತ್ತು. ಸಾಮಾನ್ಯವಾಗಿ ಜನ ಎಷ್ಟು ಹೊತ್ತಿಗೆ ಬರಬೇಕು, ತಿಂಡಿ ಎಲ್ಲಿ ಸಿಗುತ್ತೆ ಅಂತ ಕೇಳುತ್ತಾರೆ. ಈ ಮನುಷ್ಯ ಮೊದಲು ಕೇಳಿದ್ದೇ “ಎಷ್ಟು ಹತ್ತಿರ ಹೋಗಬಹುದು?” ಅಂತ. ಆಮೇಲೆ, “ಓಡೋ ಫೋಟೋ ಸಿಗುತ್ತೆ ಅಲ್ವಾ?” ಸಿಗಬಹುದು ಸಾರ್, ಅದು ಅವುಗಳ ಇಷ್ಟ ಅಂದೆ. ಗಾಡಿ ನಾನೇ ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತು ತೋರಿಸಿದರೆ ಸಾಕು ಅಂದರು. ಒಪ್ಪಿಕೊಂಡೆ. ನನ್ನ ತಪ್ಪು ಅಲ್ಲೇ ಶುರುವಾಯಿತು.

ಬೆಳಗ್ಗೆ ಎಲ್ಲ ಚೆನ್ನಾಗೇ ಇತ್ತು. ಮೈದನಹಳ್ಳಿಯ ಈ ಜಾಗ, ಅಂದರೆ ಜಯಮಂಗಲಿ ಸಂರಕ್ಷಿತ ಪ್ರದೇಶ, ದೊಡ್ಡ ಕಾಡೇನಲ್ಲ, 798 ಎಕರೆ ಅಷ್ಟೇ, ಬಹುಪಾಲು ಬಯಲು ಹುಲ್ಲುಗಾವಲು. ಗಾಡಿ ನಿಲ್ಲಿಸಿ ಸುಮ್ನೆ ಕೂತರೆ ಸಾಕು, ಎಲ್ಲ ಕಣ್ಣೆದುರಿಗೇ ನಡೆಯುತ್ತದೆ. ಎರಡು ಕರಿ ಗಂಡುಗಳು ಕೊಂಬಿಗೆ ಕೊಂಬು ಸಿಕ್ಕಿಸಿ ತಳ್ಳಾಡುತ್ತಿದ್ದವು. ಕಂದು ಬಣ್ಣದ, ಕೊಂಬಿಲ್ಲದ ಹೆಣ್ಣುಗಳು ತಮ್ಮ ಪಾಡಿಗೆ ಮೇಯುತ್ತಿದ್ದವು. ಅರ್ಧ ಗಂಟೆ ನೋಡಿದೆವು. ಅಷ್ಟು ಸಿಕ್ಕರೆ ನನಗೆ ಆವತ್ತು ಹಬ್ಬ.

ಅವರಿಗೆ ಸಾಲಲಿಲ್ಲ. “ಬ್ರದರ್, ಇವು ಜಂಪ್ ಮಾಡಬೇಕು” ಅಂದವರೇ ಜಾಡು ಬಿಟ್ಟು ಗಾಡಿಯನ್ನು ಹುಲ್ಲಿಗೆ ಇಳಿಸಿದರು. “ಬೇಡ ಸಾರ್, ನಿಲ್ಲಿಸಿ” ಅಂತ ಕೂಗಿದೆ. ಹಿಂದೆ ಕೂತಿದ್ದ ಅವರ ಸ್ನೇಹಿತ ಆಗಲೇ ಕಿಟಕಿಯಿಂದ ಕ್ಯಾಮೆರಾ ಹೊರಗೆ ಹಾಕಿದ್ದರು. ಹಿಂಡು ಚೆಲ್ಲಾಪಿಲ್ಲಿಯಾಯಿತು. ಒಂದು ಹೆಣ್ಣು ಮಾತ್ರ ದೂರ ಹೋಗಲಿಲ್ಲ. ಸ್ವಲ್ಪ ಓಡುತ್ತಿತ್ತು, ನಿಲ್ಲುತ್ತಿತ್ತು, ತಿರುಗಿ ನಮ್ಮ ಕಡೆಗೇ ನೋಡುತ್ತಿತ್ತು. ನನ್ನ ಎದೆ ಧಸಕ್ಕೆಂದಿತು. ಹುಟ್ಟಿದ ಹೊಸದರಲ್ಲಿ ಕೃಷ್ಣಮೃಗದ ಮರಿ ತಾಯಿಯ ಹಿಂದೆ ಓಡುವುದಿಲ್ಲ. ಹುಲ್ಲಿನಲ್ಲಿ ಮುದುಡಿ ಮಲಗಿರುತ್ತದೆ. ಅಪಾಯ ಹತ್ತಿರ ಬಂದಷ್ಟೂ ಇನ್ನೂ ಜಾಸ್ತಿ ಅಂಟಿಕೊಂಡು ಮಲಗುತ್ತದೆ.

ಹ್ಯಾಂಡ್‌ಬ್ರೇಕ್ ಎಳೆದುಬಿಟ್ಟೆ. ಇಳಿದು, ಗಾಡಿಯ ಮುಂದೆ ಹೆಜ್ಜೆ ಹೆಜ್ಜೆಗೂ ಹುಲ್ಲು ನೋಡುತ್ತಾ ಜಾಡಿನವರೆಗೆ ನಡೆದೆ. ಅವರು ಬೈಯುತ್ತಾ ಹಿಂದೆ ಬಂದರು. ಮರಿ ಕಾಣಲಿಲ್ಲ. ಕಂಡದ್ದು ಟಿಟ್ಟಿಭದ ಮೊಟ್ಟೆಗಳು. ಈ ಹಕ್ಕಿ ಬರೀ ನೆಲದ ಮೇಲೆ, ಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಬಣ್ಣವೂ ಕಲ್ಲಿನದ್ದೇ. ಮೂರು ಒಡೆದು ನಮ್ಮ ಟೈರಿನ ಗುರುತಿಗೆ ಅಂಟಿಕೊಂಡಿದ್ದವು. ಒಂದು ಉಳಿದಿತ್ತು. ಹಕ್ಕಿ ತಲೆ ಮೇಲೆ ಸುತ್ತುತ್ತಾ ಕೂಗುತ್ತಲೇ ಇತ್ತು. ಅವರಿಗೆ ತೋರಿಸಿದೆ. ಗಾಡಿಯಿಂದ ಇಳಿಯಲೂ ಇಲ್ಲ.

“ಮುಟ್ಟೇ ಇಲ್ವಲ್ಲ, ಈಗ ಏನಾಯ್ತು?” ಅಂತ ಅವರ ವಾದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಂದರೆ ಕೊಲ್ಲುವುದು ಒಂದೇ ಅಲ್ಲ, ಪ್ರಾಣಿಯನ್ನು ಅಟ್ಟುವುದೂ ಬೇಟೆಯೇ. ಕೃಷ್ಣಮೃಗ ಆ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿ. ಅದನ್ನು ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು. ಕುಮ್ಮಕ್ಕು ಕೊಟ್ಟವರನ್ನೂ ಕಾಯ್ದೆ ಬಿಡುವುದಿಲ್ಲ. ದಾರಿ ತೋರಿಸಲು ಪಕ್ಕದಲ್ಲಿ ಕೂರುವ ನಾವು ಇದನ್ನು ನೆನಪಿಡಬೇಕು.

ಅಲ್ಲಿ ಕಾವಲಿರುವ ವಾಚರ್ ಅಣ್ಣನಿಗೆ ಗಾಡಿ ನಂಬರ್ ಸಮೇತ ಎಲ್ಲ ಹೇಳಿದೆ. ಗೆಸ್ಟ್ ಬಾಕಿ ದುಡ್ಡು ಕೊಡದೆ, ನನ್ನನ್ನು ಅಲ್ಲೇ ಬಿಟ್ಟು ಹೋದರು. ದುಡ್ಡು ಹೋಗಲಿ. ಮಾರನೇ ದಿನ ಬೆಳಗ್ಗೆ ಮತ್ತೆ ಹೋಗಿ ದೂರದಿಂದ ದುರ್ಬೀನಿನಲ್ಲಿ ನೋಡಿದೆ. ಆ ಒಂದು ಮೊಟ್ಟೆಯ ಮೇಲೆ ಹಕ್ಕಿ ಕಾವು ಕೂತಿತ್ತು.

ಈಗ ಗೆಸ್ಟ್ ಸ್ಟೇರಿಂಗ್ ಹಿಡಿಯುವುದಾದರೆ ನಾನು ಹೋಗುವುದಿಲ್ಲ. ನಮ್ಮ ಗಾಡಿ, ನಮ್ಮ ಡ್ರೈವರ್. ಜಾಡು ಬಿಟ್ಟು ಇಳಿಯುವುದಿಲ್ಲ ಅಂತ ಫೋನಿನಲ್ಲೇ ಹೇಳುತ್ತೇನೆ. ಅದನ್ನು ಕೇಳಿ ಕೆಲವರು ಬರುವುದಿಲ್ಲ, ಬೇಡ. ಅವರು ಮುಂದೆ ನಿಮಗೇ ಫೋನ್ ಮಾಡಬಹುದು. “ಓಡೋ ಫೋಟೋ ಗ್ಯಾರಂಟಿ ಸಿಗುತ್ತಾ?” ಅಂತ ಕೇಳಿದರೆ, ಎಷ್ಟೇ ಜಾಸ್ತಿ ದುಡ್ಡು ಅಂದರೂ ಒಪ್ಪಬೇಡಿ.