ನಂಜನಗೂಡು ರಸಬಾಳೆ: ಒಂದು ಚಿಪ್ಪು ತಿಂದು ನೋಡಿದ ಮೇಲೆ

ಕಳೆದ ತಿಂಗಳು ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನ ಮುಗಿಸಿ ಹೊರಬಂದಾಗ ಹತ್ತಿರದ ಪುಟ್ಟ ಹಣ್ಣಿನ ಅಂಗಡಿಯೊಂದರಲ್ಲಿ ರಸಬಾಳೆಯ ಗೊನೆ ತೂಗುಹಾಕಿದ್ದು ಕಣ್ಣಿಗೆ ಬಿತ್ತು. ಅಂಗಡಿಯಲ್ಲಿದ್ದದ್ದು ಅದೊಂದೇ ಗೊನೆ. ಉಳಿದ ಕೊಕ್ಕೆಗಳಲ್ಲೆಲ್ಲ ಏಲಕ್ಕಿ ಬಾಳೆ ಮತ್ತು ಪಚ್ಚಬಾಳೆ ತುಂಬಿದ್ದವು. ಅಂಗಡಿಯ ಹಿರಿಯರು ರಸಬಾಳೆಯ ಒಂದು ಚಿಪ್ಪಿಗೆ ಏಲಕ್ಕಿ ಬಾಳೆಯ ಎರಡರಷ್ಟು ಬೆಲೆ ಹೇಳಿದರು. ಚೌಕಾಸಿ ಮಾಡದೆ ಕೊಂಡೆ, ಹೋಲಿಸಿ ನೋಡಬೇಕೆಂದು ಅದೇ ದಿನ ಮೈಸೂರಿನ ಮಳಿಗೆಯೊಂದರಲ್ಲಿ ಪಚ್ಚಬಾಳೆಯ ಚಿಪ್ಪೊಂದನ್ನೂ ತೆಗೆದುಕೊಂಡೆ.

ಹೋಲಿಕೆಗೆ ಪಚ್ಚಬಾಳೆಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 13 ಕೋಟಿ ಟನ್ ಬಾಳೆಹಣ್ಣು ಬೆಳೆಯುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಕಾಲುಭಾಗ ನಮ್ಮ ದೇಶದ್ದೇ, ಮತ್ತು ನಾವು ಬೆಳೆದದ್ದರಲ್ಲಿ ಬಹುಪಾಲನ್ನು ನಾವೇ ತಿನ್ನುತ್ತೇವೆ. ಹಡಗು ಹತ್ತಿ ದೇಶ ದಾಟುವುದು ಒಟ್ಟು ಬೆಳೆಯಲ್ಲಿ ಸುಮಾರು 2 ಕೋಟಿ ಟನ್ ಮಾತ್ರ, ಅದರಲ್ಲಿಯೂ ಈಕ್ವೆಡಾರ್ ದೇಶದ್ದೇ ದೊಡ್ಡ ಪಾಲು. ಹೀಗೆ ದೇಶ ದಾಟುವ ಹಣ್ಣು ಬಹುತೇಕ ಎಲ್ಲವೂ ಕ್ಯಾವೆಂಡಿಷ್ ಎಂಬ ಒಂದೇ ಗುಂಪಿನದು; ನಮ್ಮ ಪಚ್ಚಬಾಳೆ ಸೇರುವುದು ಆ ಗುಂಪಿಗೇ. ಬಾಳೆಯ ಗಿಡವನ್ನೇ ಕಾಣದ ಅಮೆರಿಕದ ಊರುಗಳಲ್ಲಿಯೂ ಒಬ್ಬೊಬ್ಬರು ವರ್ಷಕ್ಕೆ ಸುಮಾರು 12 ಕಿಲೋ ಬಾಳೆಹಣ್ಣು ತಿನ್ನುತ್ತಾರೆ, ಆದರೆ ಅವರಲ್ಲಿ ಹೆಚ್ಚಿನವರಿಗೆ ಬಾಳೆಹಣ್ಣಿನ ರುಚಿ ಎಂದರೆ ಅದೊಂದೇ. ಉಗಾಂಡದ ಜನ ಅವರಿಗಿಂತ ಎಷ್ಟೋ ಪಾಲು ಹೆಚ್ಚು ಬಾಳೆ ತಿನ್ನುತ್ತಾರೆ. ಅಲ್ಲಿ ಮಟೋಕೆ ಎಂಬ ಬಾಳೆಕಾಯಿಯನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿ, ನಮ್ಮಲ್ಲಿ ಮುದ್ದೆ ಉಣ್ಣುವಂತೆ ಉಣ್ಣುತ್ತಾರೆ.

ಇನ್ನು ರಸಬಾಳೆಯ ವಿಷಯ. ಕೊಂಡ ದಿನ ಹಣ್ಣುಗಳ ತುದಿಯಲ್ಲಿ ಇನ್ನೂ ಹಸಿರು ಉಳಿದಿತ್ತು. ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲು ತೆರೆದಾಗ ಘಮ ಮೊದಲು ಎದುರಾಯಿತು, ಹಣ್ಣು ಆಮೇಲೆ ಕಂಡಿತು. ಹೊಂಬಣ್ಣದ ಸಿಪ್ಪೆಯ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆಗಳು ಮೂಡಿದ್ದವು. ತಿರುಳು ಒತ್ತಾಗಿತ್ತು, ಬಾಯಿಗೆ ಹಾಕಿದೊಡನೆ ಕರಗಿಹೋಗದೆ, ಅಗಿದಂತೆಲ್ಲ ಸಿಹಿ ಬಿಟ್ಟುಕೊಡುವ ಗುಣ ಅದರದು. ಸಿಹಿಯ ಬೆನ್ನಿಗೇ ಬರುವ ತೆಳುವಾದ ಹುಳಿಯಿಂದಾಗಿ ಒಂದು ಹಣ್ಣು ತಿಂದವರ ಕೈ ತಾನಾಗಿಯೇ ಎರಡನೆಯದಕ್ಕೆ ಹೋಗುತ್ತದೆ. ಪಚ್ಚಬಾಳೆಯೂ ಸಿಹಿಯಾಗಿಯೇ ಇತ್ತು, ಹೊಟ್ಟೆಯನ್ನೂ ತುಂಬಿಸಿತು. ಆದರೆ ಆ ಹುಳಿಯಾಗಲಿ, ಘಮವಾಗಲಿ ಅದರಲ್ಲಿ ಇರಲಿಲ್ಲ. ಉಳಿದ ರಸಬಾಳೆ ಹಣ್ಣುಗಳನ್ನು ಬೆಲ್ಲ, ತೆಂಗಿನತುರಿ ಮತ್ತು ಒಂದು ಚಿಟಿಕೆ ಏಲಕ್ಕಿ ಪುಡಿಯೊಂದಿಗೆ ರಸಾಯನ ಮಾಡಿದೆವು. ಹಣ್ಣು ನೀರೊಡೆಯದೆ ತುಂಡುತುಂಡಾಗಿಯೇ ನಿಂತದ್ದು ನನಗೆ ಬಹಳ ಹಿಡಿಸಿತು.

ಕುಂದುಗಳನ್ನೂ ಹೇಳಬೇಕು. ಎರಡು ಹಣ್ಣುಗಳ ತಿರುಳಿನೊಳಗೆ ಗಟ್ಟಿಯಾದ ಗಂಟುಗಳಿದ್ದವು. ಈ ಜಾತಿಯ ಬಾಳೆಯಲ್ಲಿ ಅದು ಆಗಾಗ ಕಾಣುವ ದೋಷ. ನಾಲ್ಕನೆಯ ದಿನದ ಹೊತ್ತಿಗೆ ಚಿಪ್ಪನ್ನು ಎತ್ತಿದರೆ ಸಾಕು, ಹಣ್ಣುಗಳು ತೊಟ್ಟು ಕಳಚಿ ಉದುರುತ್ತಿದ್ದವು. ಕ್ಯಾವೆಂಡಿಷ್ ಕಾಯನ್ನು ಬಲಿತಾಗಲೇ ಕಡಿದು, 13-14 ಡಿಗ್ರಿ ತಂಪಿನಲ್ಲಿ ವಾರಗಟ್ಟಲೆ ಸಾಗಿಸಿ, ತಲುಪಿದ ಊರಿನಲ್ಲಿ ಎಥಿಲೀನ್ ಅನಿಲದಿಂದ ಹಣ್ಣು ಮಾಡುತ್ತಾರೆ. ಅಷ್ಟು ದೂರದ ಪ್ರಯಾಣವನ್ನು ರಸಬಾಳೆಯ ತೊಟ್ಟು ತಾಳಲಾರದು. ಆದ್ದರಿಂದ ಬೇಕಾದವರು ಅದು ಬೆಳೆಯುವ ನೆಲದ ಆಸುಪಾಸಿನಲ್ಲಿ ಕೊಂಡು, ನಾಲ್ಕೈದು ದಿನಗಳೊಳಗೆ ತಿಂದು ಮುಗಿಸುವುದೇ ಸರಿ. ಶೀತಕಪೆಟ್ಟಿಗೆಯಲ್ಲಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ, ಘಮವೂ ಕುಂದುತ್ತದೆ.

ಬೆಲೆ ಹೆಚ್ಚಿರುವುದನ್ನು ನಾನು ಕುಂದೆಂದು ಎಣಿಸುವುದಿಲ್ಲ. ಬಾಳೆಗಿಡವನ್ನು ಒಣಗಿಸಿ ಕೊಲ್ಲುವ ಪನಾಮ ಸೊರಗು ರೋಗದ ಶಿಲೀಂಧ್ರ ಒಮ್ಮೆ ಮಣ್ಣು ಸೇರಿದರೆ ದಶಕಗಳ ಕಾಲ ಅಲ್ಲಿಯೇ ಉಳಿಯುತ್ತದೆ, ಅದಕ್ಕೆ ಔಷಧಿಯಿಲ್ಲ. ಒಂದು ಕಾಲದಲ್ಲಿ ಪಾಶ್ಚಾತ್ಯ ದೇಶಗಳ ಮಾರುಕಟ್ಟೆಯನ್ನು ಆಳಿದ್ದ ಗ್ರೋ ಮಿಶೆಲ್ ತಳಿಯನ್ನು 1950ರ ದಶಕದ ವೇಳೆಗೆ ಮೂಲೆಗೆ ತಳ್ಳಿದ್ದು ಈ ರೋಗವೇ. ಅದರ ಜಾಗಕ್ಕೆ ಬಂದದ್ದು ಕ್ಯಾವೆಂಡಿಷ್. ನಂಜನಗೂಡಿನ ತೋಟಗಳಲ್ಲಿ ರಸಬಾಳೆಯ ವಿಸ್ತಾರ ಕುಗ್ಗುವುದಕ್ಕೂ ಈ ಸೊರಗು ರೋಗವೇ ದೊಡ್ಡ ಕಾರಣ. ಹಳೆಯ ತೋಟದ ಕಂದು ಕಿತ್ತು ನೆಟ್ಟರೆ ರೋಗವನ್ನೂ ಜೊತೆಗೇ ನೆಟ್ಟಂತಾಗುವುದರಿಂದ, ಅಂಗಾಂಶ ಕೃಷಿಯ, ಅಂದರೆ ಗಿಡದ ಚಿಕ್ಕ ತುಣುಕಿನಿಂದ ಪ್ರಯೋಗಾಲಯದಲ್ಲಿ ಬೆಳೆಸಿದ, ಸಸಿಗಳಿಂದ ತಳಿಯನ್ನು ಉಳಿಸಿಕೊಳ್ಳುವ ಪ್ರಯತ್ನಗಳು ನಡೆದಿವೆ. ಈಗ ಆ ಶಿಲೀಂಧ್ರದ ಹೊಸ ಬಗೆಯೊಂದು ಕ್ಯಾವೆಂಡಿಷ್‌ಗೂ ತಗಲುತ್ತಿದ್ದು, 2019ರಲ್ಲಿ ಕೊಲಂಬಿಯಾವನ್ನು ತಲುಪಿದೆ, ಬಿಹಾರದ ತೋಟಗಳಲ್ಲಿಯೂ ಕಾಣಿಸಿಕೊಂಡಿದೆ. ಇಷ್ಟೆಲ್ಲ ತಿಳಿದ ಮೇಲೆ, ಅಪಾಯವನ್ನು ಹೊತ್ತುಕೊಂಡು ರಸಬಾಳೆ ಬೆಳೆಯುವ ರೈತನಿಗೆ ಎರಡರಷ್ಟು ಬೆಲೆ ಕೊಡಲು ನನಗೆ ಹಿಂಜರಿಕೆಯಾಗಲಿಲ್ಲ.

ಕೊಳ್ಳುವವರಿಗೆ ಒಂದು ಎಚ್ಚರಿಕೆ ಹೇಳಬೇಕು. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಆ ನೆಲದ ಹಣ್ಣಿಗಷ್ಟೇ ಆ ಹೆಸರು ಎಂಬ ಕಾನೂನಿನ ರಕ್ಷಣೆ, ಇದ್ದರೂ, ಆ ಹೆಸರಿನಲ್ಲಿ ಬೇರೆ ಹಣ್ಣು ಮಾರುವುದು ನಿಂತಿಲ್ಲ. ಹಿಂದೊಮ್ಮೆ ಬೆಂಗಳೂರಿನಲ್ಲಿ ಮನೆಬಾಗಿಲಿಗೆ ಹಣ್ಣು ತಲುಪಿಸುವ ಒಂದು ಸೇವೆಯಿಂದ ರಸಬಾಳೆ ತರಿಸಿದಾಗ ಬಂದದ್ದು ಬೇರೆ ಯಾವುದೋ ಬಾಳೆ. ದೂರು ಕೊಟ್ಟಾಗ ಹಣ ಹಿಂದಿರುಗಿಸಿದರೇ ಹೊರತು ಹಣ್ಣು ಯಾವ ಊರಿನದೆಂದು ತಿಳಿಸಲಿಲ್ಲ. ನಂಜನಗೂಡಿನ ಈ ಅಂಗಡಿಯಲ್ಲಿ ಹಾಗಾಗಲಿಲ್ಲ. ಗೊನೆ ಯಾವ ಹಳ್ಳಿಯಿಂದ ಬಂದದ್ದು, ಕಡಿದು ಎಷ್ಟು ದಿನವಾಯಿತು ಎಂದು ಕೇಳಿದ್ದಕ್ಕೆಲ್ಲ ಆ ಹಿರಿಯರು ತಡವರಿಸದೆ ಉತ್ತರಿಸಿದರು, ತುದಿ ಹಸಿರಿರುವ ಚಿಪ್ಪನ್ನು ತಾವೇ ಆರಿಸಿ ಕೊಯ್ದು ಬಾಳೆಯ ಒಣ ಎಲೆಯಲ್ಲಿ ಸುತ್ತಿ ಕೊಟ್ಟರು. ಇನ್ನೊಂದು ಚಿಪ್ಪು ಬೇಕೆಂದಾಗ, “ಬೇಡಿ ಸ್ವಾಮಿ, ಎರಡೂ ಒಟ್ಟಿಗೇ ಹಣ್ಣಾಗ್ತವೆ, ತಿನ್ನೋಕಾಗದೆ ಹಾಳಾಗ್ತವೆ. ಇದು ಮುಗಿದ ಮೇಲೆ ಬನ್ನಿ” ಎಂದರು. ಮುಂದಿನ ಗೊನೆ ಬರುವುದು ಎರಡು ವಾರದ ಮೇಲಂತೆ. ಆ ದಿನಕ್ಕೆ ಹೋಗಲೆಂದು ಮೈಸೂರಿನ ರೈಲಿಗೆ ಈಗಾಗಲೇ ಟಿಕೆಟ್ ಕಾದಿರಿಸಿದ್ದೇನೆ.