ಕ್ಯಾರವಾನಿನ ಓಲಾಟಕ್ಕೆ ಮೂರು ಸಾಧನಗಳು: ಬ್ರಿಟನ್ನಿನ ರಸ್ತೆಗಳಲ್ಲಿ ಪಟ್ಟಿ, ಘರ್ಷಣೆ ಮತ್ತು ಎಲೆಕ್ಟ್ರಾನಿಕ್ಸ್
1997ರ ನಂತರ ಕಾರು ಪರವಾನಗಿ ಪಡೆದವರು ಬ್ರಿಟನ್ನಿನಲ್ಲಿ ದೊಡ್ಡ ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆ) ಎಳೆಯಬೇಕಾದರೆ ಮೊದಲು ಪ್ರತ್ಯೇಕ ಪರೀಕ್ಷೆ ಕೊಡಬೇಕಿತ್ತು. 2021ರ ಡಿಸೆಂಬರ್ 16ರಂದು ಆ ನಿಯಮ ತೆಗೆದುಹಾಕಿದ ಮೇಲೆ, ಕಾರಿನ ಸಾಮರ್ಥ್ಯದ ಮಿತಿಯೊಳಗೆ 3,500 ಕಿಲೋವರೆಗಿನ ಟ್ರೇಲರನ್ನು ಅದೇ ಪರವಾನಗಿಯಲ್ಲಿ ಎಳೆಯಬಹುದಾಗಿದೆ. ಕಾನೂನು ಹೀಗೆ ಸಡಿಲವಾಗಿರುವುದರಿಂದಲೇ, ಇಲ್ಲಿ ನೆಲೆಸಿ ರಜೆಗೆ ಸ್ಕಾಟ್ಲೆಂಡಿನತ್ತ ಹೊರಡುವ ನಮ್ಮವರು ಕ್ಯಾರವಾನಿನ ಓಲಾಟದ ಬಗ್ಗೆ ಮೊದಲೇ ತಿಳಿದಿರಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋಗುವಾಗ ಅದು ತಳ್ಳುವ ಗಾಳಿ ಮೊದಲು ಕ್ಯಾರವಾನಿನ ಹಿಂಭಾಗವನ್ನು ಆಚೆಗೆ ನೂಕಿ, ಮರುಕ್ಷಣವೇ ಒಳಕ್ಕೆ ಸೆಳೆಯುತ್ತದೆ. ವೇಗ ಹೆಚ್ಚಾಗಿದ್ದರೆ ಈ ತೂಗಾಟ ತಾನಾಗಿ ನಿಲ್ಲದೆ ಬೆಳೆಯುತ್ತ ಹೋಗಿ, ಕಾರನ್ನೂ ತನ್ನೊಡನೆ ತಿರುಗಿಸಿಬಿಡಬಹುದು.

ಇದನ್ನು ತಡೆಯಲು ಬಳಕೆಯಲ್ಲಿರುವ ಮೂರು ಬಗೆಯ ಸಾಧನಗಳನ್ನು ಒಂದೇ ಕಾರಿನಲ್ಲಿ, ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ನೋಡುವ ಅವಕಾಶ ನನಗೆ ಸಿಕ್ಕಿತು. ಎಂ6 ಹೆದ್ದಾರಿಯಲ್ಲಿ ಶ್ಯಾಪ್ ಏರು, ಅಲ್ಲಿಂದ ಎ74(ಎಂ), ಕೊನೆಗೆ ಲೋಮಂಡ್ ಸರೋವರದ ದಂಡೆಯ ಎ82 ರಸ್ತೆಯಲ್ಲಿ ಗ್ಲೆನ್‌ಕೋವರೆಗೆ ನಮ್ಮ ದಾರಿ. ಶ್ಯಾಪ್‌ನಲ್ಲೂ ರಾನಾಕ್ ಬಯಲಿನಲ್ಲೂ ಅಡ್ಡಗಾಳಿ ಬಲವಾಗಿ ಬೀಸುವುದರಿಂದ ಹೋಲಿಕೆಗೆ ಈ ದಾರಿ ತಕ್ಕದ್ದೇ ಆಗಿತ್ತು.

ಹಳೆಯ ಕ್ಯಾರವಾನೊಂದರಲ್ಲಿದ್ದದ್ದು ಉಕ್ಕಿನ ಪಟ್ಟಿಯ ಸ್ಟೆಬಿಲೈಸರ್. ಪಟ್ಟಿಯ ಒಂದು ತುದಿ ಟೋಬಾರಿನ (ಕಾರಿನ ಹಿಂಬದಿಯ ಎಳೆಯುವ ಕಂಬಿಯ) ಬಳಿ ಘರ್ಷಣೆಯ ಬಿಲ್ಲೆಗೆ ಸೇರಿರುತ್ತದೆ, ಇನ್ನೊಂದು ತುದಿ ಕ್ಯಾರವಾನಿನ ಮುಂಚೌಕಟ್ಟಿನ ಮೇಲೆ ಜಾರುತ್ತದೆ. ಗ್ರೀಸ್ ಹಚ್ಚಿದ ಸಾಮಾನ್ಯ ಟೋಬಾಲ್ (ಟೋಬಾರಿನ ತುದಿಯ ಗುಂಡು) ಇದಕ್ಕೆ ಸಾಕು. ಓಲಾಟವನ್ನು ಇದು ಚೆನ್ನಾಗಿಯೇ ತಗ್ಗಿಸುತ್ತದೆ, ಆದರೆ ಭಾರವಾದ ಪಟ್ಟಿಯನ್ನು ಪ್ರತಿ ನಿಲುಗಡೆಯಲ್ಲೂ ಎತ್ತಿ ಜೋಡಿಸಬೇಕು, ಬಿಲ್ಲೆಯ ಬಿಗಿತವನ್ನು ಆಗಾಗ ಅಳೆದು ಸರಿಪಡಿಸಬೇಕು. ಹಳೆಯ ಬಂಡಿಯೊಡನೆ ಬಂದಿದ್ದರೆ ಉಳಿಸಿಕೊಳ್ಳಬಹುದು, ಹೊಸದಾಗಿ ಕೊಳ್ಳಲು ನಾನು ಹೇಳಲಾರೆ.

ಎರಡನೆಯದು ಘರ್ಷಣೆಯ ಹಿಚ್, ಅಂದರೆ ಟೋಬಾಲಿನ ಮೇಲೆ ಕೂರುವ ಕ್ಯಾರವಾನಿನ ಕೊಂಡಿ. ನಾನು ಬಳಸಿದ್ದು ಆಲ್ಕೋ ಕಂಪನಿಯ ಎಕೆಎಸ್ 3004. ಇದರೊಳಗಿನ ಪ್ಯಾಡುಗಳು ಟೋಬಾಲನ್ನು ಎಡಬಲಗಳಿಂದಷ್ಟೇ ಅಲ್ಲದೆ ಹಿಂದುಮುಂದಿನಿಂದಲೂ ಒತ್ತಿ ಹಿಡಿಯುವುದರಿಂದ, ಅಡ್ಡ ಓಲಾಟದ ಜೊತೆಗೆ ಏರುತಗ್ಗಿನಲ್ಲಿ ಕ್ಯಾರವಾನಿನ ಮೂಗು ಕುಣಿಯುವುದೂ ಕಡಿಮೆಯಾಗುತ್ತದೆ. ಲಾರಿ ಹಾದುಹೋಗುವಾಗ ಒಂದು ಸಣ್ಣ ಅದುರು ಬಂದು ಅಲ್ಲೇ ಅಡಗಿಹೋಗುತ್ತಿತ್ತು. ಸ್ಟಿಯರಿಂಗನ್ನು ತಿದ್ದುವ ಅಗತ್ಯವೇ ಬೀಳುತ್ತಿರಲಿಲ್ಲ. ಓಲಾಟ ಹುಟ್ಟುವ ಹಂತದಲ್ಲೇ ಸದಾ ಕೆಲಸಮಾಡುತ್ತಿರುವುದು ಇದರ ದೊಡ್ಡ ಗುಣ. ಆದರೆ ಇದು ಶುಚಿ ಬೇಡುವ ಸಾಧನ. ಉದ್ದ ಕುತ್ತಿಗೆಯ 50 ಮಿ.ಮೀ. ಟೋಬಾಲೇ ಆಗಬೇಕು, ಅದರ ಮೇಲೆ ಬಣ್ಣವಾಗಲಿ ಗ್ರೀಸಾಗಲಿ ಇರಕೂಡದು. ಜಿಡ್ಡು ತಗುಲಿದ ಪ್ಯಾಡು ತಿರುವುಗಳಲ್ಲಿ ಕಿರುಗುಟ್ಟುವುದಲ್ಲದೆ ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಹೊರಡುವ ಮುನ್ನ ಬಾಲನ್ನು ಬ್ರೇಕ್ ಕ್ಲೀನರಿನಿಂದ ಒರೆಸುವುದು ನಮ್ಮ ಮನೆಯಲ್ಲಿ ಈಗ ರೂಢಿಯಾಗಿದೆ.

ಮೂರನೆಯದು ಅದೇ ಕಂಪನಿಯ ಎಲೆಕ್ಟ್ರಾನಿಕ್ ವ್ಯವಸ್ಥೆಯಾದ ಎಟಿಸಿ. ಇದು ಕ್ಯಾರವಾನಿನ ಅಡ್ಡಚಲನೆಯನ್ನು ಸೆನ್ಸರಿನಿಂದ ಗ್ರಹಿಸಿ, ಮಿತಿ ಮೀರಿದೊಡನೆ ಕ್ಯಾರವಾನಿನ ಬ್ರೇಕನ್ನು ತಾನೇ ಒತ್ತುತ್ತದೆ. ರಾನಾಕ್ ಬಯಲಿನಲ್ಲಿ ಹಿಂದಿನಿಂದ ಯಾರೋ ಹಿಡಿದೆಳೆದಂತಾಗಿ ಬಂಡಿ ನೆಟ್ಟಗಾದದ್ದು ಸ್ಪಷ್ಟವಾಗಿ ಗೊತ್ತಾಯಿತು. ಆ ಕ್ಷಣದಲ್ಲಿ ಚಾಲಕ ಮಾಡಬಹುದಾದದ್ದಕ್ಕಿಂತ ಇದು ಮೇಲೆಂದು ಒಪ್ಪಲೇಬೇಕು, ಏಕೆಂದರೆ ಕಾರನ್ನು ಬಿಟ್ಟು ಕ್ಯಾರವಾನಿಗೆ ಮಾತ್ರ ಬ್ರೇಕ್ ಹಾಕುವುದು ಚಾಲಕನ ಕೈಯಲ್ಲಿಲ್ಲ. ಆದರೆ ಓಲಾಟ ಒಂದಷ್ಟು ಬೆಳೆದ ಮೇಲೆಯೇ ಇದು ಎಚ್ಚರಗೊಳ್ಳುವುದು, ಅಲ್ಲದೆ ಕಾರಿನಿಂದ 12 ವೋಲ್ಟ್ ವಿದ್ಯುತ್ ತಪ್ಪದೆ ಬರುತ್ತಿರಬೇಕು. 13 ಪಿನ್ನಿನ ಪ್ಲಗ್ ಸಿಕ್ಕಿಸಿದ ಮೇಲೆ ಹಸಿರು ದೀಪ ಹತ್ತಿದೆಯೇ ಎಂದು ನೋಡದೆ ಹೊರಟರೆ ಈ ಸಾಧನ ಇದ್ದೂ ಇಲ್ಲದಂತೆ.

ಹಿಚ್ ಮತ್ತು ಎಟಿಸಿ ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನನ್ನ ಆಯ್ಕೆ ಘರ್ಷಣೆಯ ಹಿಚ್. ಹಣವಿದ್ದರೆ ಎರಡೂ ಇರಲಿ, ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಿಯಲ್ಲ.

ಇಷ್ಟು ಹೇಳಿದ ಮೇಲೂ, ಈ ಮೂರೂ ಸಾಧನಗಳಿಗಿಂತ ಹೆಚ್ಚಿನ ವ್ಯತ್ಯಾಸ ನನಗೆ ಕಂಡದ್ದು ಸಾಮಾನು ಜೋಡಿಸುವ ರೀತಿಯಲ್ಲಿ. ನಮ್ಮ ಮನೆಗಳ ಪ್ರವಾಸವೆಂದರೆ ಅಕ್ಕಿಯ ಚೀಲ, ಬೇಳೆ, ಕುಕ್ಕರು, ದೋಸೆ ಹೆಂಚು ಎಲ್ಲವೂ ಜೊತೆಗೆ ಬರುತ್ತವೆ. ಈ ಭಾರವನ್ನು ಹಿಂತುದಿಯ ಕಪಾಟಿನಲ್ಲಿ ತುಂಬಿದರೆ ಯಾವ ಹಿಚ್ ಇದ್ದರೂ ಬಂಡಿ ತೂಗಾಡುತ್ತದೆ. ಅದನ್ನೇ ಚಕ್ರದ ಅಚ್ಚಿನ ಮೇಲೆ, ನೆಲಕ್ಕೆ ತಾಗಿಸಿ ಇಟ್ಟಾಗ ಅದೇ ಬಂಡಿ ಅದೇ ವೇಗದಲ್ಲಿ ಸ್ಥಿರವಾಗಿ ಸಾಗಿತು. ಟೋಬಾಲಿನ ಮೇಲೆ ಬೀಳುವ ಮೂಗುಭಾರ ಕ್ಯಾರವಾನಿನ ಒಟ್ಟು ತೂಕದ ಶೇ. 5ರಿಂದ 7ರಷ್ಟಿರಬೇಕು, ಕಾರು, ಟೋಬಾರ್ ಮತ್ತು ಹಿಚ್‌ಗಳ ಪೈಕಿ ಯಾವುದರ ಮಿತಿ ಕಡಿಮೆಯೋ ಅದನ್ನು ಮೀರಬಾರದು. ತುಂಬಿದ ಕ್ಯಾರವಾನ್ ಕಾರಿನ ತೂಕದ ಶೇ. 85ನ್ನು ದಾಟದಿರಲಿ ಎಂಬುದು ಕಾನೂನಲ್ಲ, ಸಲಹೆ. ಹೊಸಬರು ಅದನ್ನು ಕಾನೂನೆಂದೇ ಪಾಲಿಸುವುದು ಒಳ್ಳೆಯದು.

ಕ್ಯಾರವಾನ್ ಎಳೆಯುವಾಗ ವೇಗದ ಮಿತಿ ಮೋಟಾರುಮಾರ್ಗದಲ್ಲಿ ಗಂಟೆಗೆ 60 ಮೈಲಿ, ವಿಭಜಕವಿಲ್ಲದ ಸಾಮಾನ್ಯ ರಸ್ತೆಯಲ್ಲಿ 50. ಇಷ್ಟಾಗಿಯೂ ಓಲಾಟ ಶುರುವಾದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ವೇಗ ಮೆಲ್ಲನೆ ಇಳಿಯಲು ಬಿಡಬೇಕು. ಬ್ರೇಕನ್ನು ಜೋರಾಗಿ ತುಳಿಯಕೂಡದು. ಯಾರ್ಕ್‌ಶೈರಿನ ಎ170 ರಸ್ತೆಯ ಸಟನ್ ಬ್ಯಾಂಕ್ ಏರಿನಲ್ಲಂತೂ ಕ್ಯಾರವಾನುಗಳಿಗೆ ಪ್ರವೇಶವೇ ಇಲ್ಲ, ಆದ್ದರಿಂದ ಆ ಕಡೆ ಹೋಗುವವರು ಕಾರಿನ ನ್ಯಾವಿಗೇಶನ್ ತೋರಿಸುವ ದಾರಿಯನ್ನು ಮನೆಯಲ್ಲೇ ಒಮ್ಮೆ ಪರಿಶೀಲಿಸಿಕೊಳ್ಳಬೇಕು.